ದಸರಾ ಸ್ಪೆಷಲ್

ಶಾಲೆಗೆ ರಜೆ. ಡಿಪೋಗೆ ಇಲ್ಲ.
ಬೆಳಗಿನ ಜಾವ ನಾಲ್ಕೂವರೆಗೆ ಚಂದ್ರಕಲಾ
ಖಾಕಿ ಕೋಟಿನ ಗುಂಡಿ ಕತ್ತಲಲ್ಲೇ ಹಾಕಿಕೊಂಡು
ಮಲಗಿದ್ದ ಎರಡು ತಲೆ ಮುಟ್ಟಿ, ಎಣಿಸಿ
(ಅಭ್ಯಾಸ, ಹೊರಡುವ ಮುಂಚೆ ತಲೆ ಎಣಿಸಲೇಬೇಕು)
ಹೊಸಲೈನ್ ರಸ್ತೆಯ ನಾಯಿಗಳನ್ನೆಲ್ಲ ಎಬ್ಬಿಸುತ್ತಾ ಹೋದಳು.

ಏಳಕ್ಕೆ ನನ್ನ ಪಾಳಿ.
ಹಬ್ಬದ ಬ್ಲೌಸು ಹದಿನಾಲ್ಕು ಬಾಕಿ,
ಅದರಲ್ಲೊಂದು ವನಜಾಕ್ಷಿ ಮೇಡಂದು,
ಅವರು ದಿನಕ್ಕೆರಡು ಸಲ ಫೋನು ಮಾಡುತ್ತಾರೆ.
ಇಂಚರಾಗೆ ಏಳು ವರ್ಷ, ದಿಗಂತನಿಗೆ ನಾಲ್ಕು,
ರಜೆಗೆ ಇನ್ನೂ ಹನ್ನೊಂದು ದಿನ ಆಯಸ್ಸು.
ಅವಲಕ್ಕಿಯೊಳಗಿನ ಕಡಲೆಬೀಜ ಲೆಕ್ಕ ಹಾಕಿ
ಜಗಳವಾಡಿದ್ದಾಯಿತು. ಅಳತೆ ಟೇಪಿನಲ್ಲಿ
ತಮ್ಮನನ್ನು ಕಿಟಕಿ ಸರಳಿಗೆ ಕಟ್ಟಿದ್ದಾಯಿತು.
ಗಡಿಯಾರ ನೋಡಿದರೆ ಇನ್ನೂ ಒಂಬತ್ತು.

ಆಮೇಲೆ ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ
ಕಾಣೆಯಾಗಿ, ನಡುಮನೆಯ ಕೆಂಪು ನೆಲದ ಮೇಲೆ
ಎರಡೆರಡು ಸೀಟುಗಳಾಗಿ ಸಿಕ್ಕಿತು.
ಮಧ್ಯೆ ಓಡಾಡುವ ದಾರಿ. ಮುಂದೆ ಸ್ಟೀರಿಂಗು, ಅಂದರೆ ತಟ್ಟೆ.
ಹೊಲಿಗೆ ಮಿಷನ್ನೇ ಇಂಜಿನ್ನಂತೆ:
"ಅಪ್ಪಾ, ನಿಲ್ಲಿಸಿದ್ರೆ ಬಸ್ಸು ಆಫ್ ಆಗುತ್ತೆ. ತುಳೀತಾ ಇರು."
ಹಾಗೆ ತುಳಿದೇ ಮಧ್ಯಾಹ್ನದೊಳಗೆ ಐದು ಬ್ಲೌಸು ಮುಗಿದವು.

ಅಮ್ಮನ ಹಳೇ ಚೀಲ ಮೊಳಕಾಲಿಗೆ ಬಡಿಯುತ್ತಾ
ಇಂಚರಾ ಬರುತ್ತಾಳೆ: "ಮೈಸೂರ್ ಮೈಸೂರ್ ಮೈಸೂರ್!
ಮೊಸಳೆಹೊಸಳ್ಳಿ ಸ್ಟಾಪಿಲ್ಲ, ಇಳೀರಿ!"
ಹೋದ ತಿಂಗಳ ಕ್ಯಾಲೆಂಡರು ಹರಿದು ಟಿಕೆಟ್ಟು,
ಅಮಾವಾಸ್ಯೆ ಬಂದವರಿಗೆ ಚಿಲ್ಲರೆ ವಾಪಸ್ಸಿಲ್ಲ.
ದಿಗಂತ ಒಮ್ಮೆ ಅಜ್ಜಿ, ಒಮ್ಮೆ ಪೊಲೀಸು,
ಒಮ್ಮೆ ಬಟ್ಟೆ ಬುಟ್ಟಿಯೊಳಗೆ ಕೂತ ಕೋಳಿ.
"ಕೋಳಿಗೂ ಟಿಕೆಟ್ ಇದೆ."
"ನಾನು ಹೆಣ್ಣು ಕೋಳಿ. ಫ್ರೀ!"
ಕಂಡಕ್ಟರ್ ಒಂದು ಗಳಿಗೆ ಯೋಚಿಸಿ
"ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸು" ಅಂದಳು.
ಕೋಳಿ ಅತ್ತಿತು.

ಆಯುಧಪೂಜೆಗೆ ಮಿಷನ್ನಿಗೆ, ಕತ್ತರಿಗೆ, ಇಸ್ತ್ರಿಪೆಟ್ಟಿಗೆಗೆ
ಅರಿಶಿನ ಕುಂಕುಮ, ಚೆಂಡುಹೂವು.
ಅಮ್ಮನ ಆಯುಧ ಎಲ್ಲಿ?
ಟಿಕೆಟ್ ಮಿಷನ್ನು ಡಿಪೋದ್ದು, ರಾತ್ರಿಯೇ ಒಪ್ಪಿಸಿ ಬರಬೇಕು.
ಕೋಟಿನ ಜೇಬಲ್ಲಿ ಸಿಕ್ಕಿದ್ದು ಸೀಟಿ.
ಅದರ ಬಾಯಿಗೇ ಇಂಚರಾ ಮೆತ್ತಿದ ಕುಂಕುಮ
ಮಾರನೇ ದಿನ ಹೊಳೆನರಸೀಪುರ ದಾಟುವ ತನಕ
ಇವಳ ತುಟಿಯ ಮೇಲೆ ಇತ್ತಂತೆ.
"ಡ್ಯೂಟೀಲೂ ಲಿಪ್‌ಸ್ಟಿಕ್ಕೇನಮ್ಮಾ" ಅಂದಳಂತೆ ಯಾರೋ,
ಸೀಟು ಸಿಗದ ಸಿಟ್ಟಿಗೆ.

ದಿನಕ್ಕೆರಡು ಸಲ ಮೈಸೂರು ಮುಟ್ಟುವ ಅಮ್ಮನನ್ನು
ಮಕ್ಕಳು ದಿನಾ ಕೇಳುತ್ತವೆ:
"ಆನೆ ನೋಡಿದ್ಯಾ?"
"ಆನೆ ನೋಡೋಕೆ ಹೋಗೋರನ್ನ ನೋಡ್ದೆ."
"ಲೈಟು?"
"ಬಸ್‌ಸ್ಟ್ಯಾಂಡಿಂದು. ಒಂದು ಟ್ಯೂಬ್‌ಲೈಟು ಮಿಣಮಿಣ ಅಂತಿತ್ತು."
ಬೆಳಗ್ಗೆ ಎದ್ದವನೇ ದಿಗಂತ ಪಕ್ಕದ ಮನೆಗೆ ಓಡಿ
ಮೈಸೂರಲ್ಲಿ ಲೈಟು ಮಿಣಮಿಣ ಅಂತಂತೆ,
ನಮ್ಮಮ್ಮ ನೋಡಿದಾಳೆ, ಎಂದು ಸಾರಿ ಬಂದ.

ಜಂಬೂಸವಾರಿಯ ರಾತ್ರಿ ಹನ್ನೊಂದಾಗಿತ್ತು.
ಎರಡೂ ಮಲಗಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು
"ಎಲ್ಲಿಗೆ?"
ನಾನು ಗದರಬೇಕು ಅನ್ನುವಷ್ಟರಲ್ಲಿ ಇವಳು
"ಅಡುಗೆಮನೆ, ಒಂದು" ಅಂದಳು, ಬೂಟು ಕೂಡ ಬಿಚ್ಚದೆ.
ಇಂಚರಾ ಹುಣ್ಣಿಮೆಯ ಚೌಕ ಹುಡುಕಿ ಹರಿದು
"ಲೇಡೀಸಿಗೆ ಜೀರೋ. ಹಿಂದೆ ಹೋಗಿ, ಜಾಗ ಇದೆ."
ಗೋಡೆ ಪಕ್ಕದ ಸೀಮೆಸುಣ್ಣದ ಚೌಕದಲ್ಲಿ
ಇವಳು ಕೂತಳು. ಗೋಡೆಗೆ ತಲೆ ಕೊಟ್ಟಳು.
ಟಿಕೆಟ್ಟು ಬೆರಳ ಸಂದಿಯಲ್ಲೇ ಇತ್ತು, ನಿದ್ದೆ ಬಂದುಬಿಟ್ಟಿತ್ತು.

"ಅಡುಗೆಮನೆ ಬಂತು" ಅಂದ ದಿಗಂತ.
"ಎಬ್ಬಿಸ್ಬೇಡ. ಇನ್ನೊಂದು ರೌಂಡ್ ಹೋಗಲಿ."
ಆಮೇಲೆ ನನ್ನ ಕಡೆ ತಿರುಗಿ, ಪಿಸುಗುಟ್ಟಿ:
"ಅಪ್ಪಾ, ಇಂಜಿನ್ ಆಫ್ ಮಾಡು. ಇಲ್ಲಿಂದ ಇಳಿಜಾರು."

ಕಾಲು ತೆಗೆದೆ.
ವನಜಾಕ್ಷಿ ಮೇಡಂ ಬ್ಲೌಸಿಗೆ ಇನ್ನೂ ಮೂರು ಹುಕ್ಕು,
ಕೈಯಲ್ಲೇ ಹಾಕಿದೆ.